ವೀಲಿ ಕಲಿಯಬೇಕಾದ್ದು ಬಲಗಾಲಿನಿಂದ

ವೀಲಿ (ಮುಂದಿನ ಚಕ್ರ ಎತ್ತಿ, ಹಿಂದಿನ ಚಕ್ರದ ಮೇಲಷ್ಟೇ ಬೈಕು ಓಡಿಸುವುದು) ಎಂದಕೂಡಲೇ ಎಲ್ಲರ ಕಣ್ಣು ಹೋಗುವುದು ಮೇಲೆದ್ದ ಮುಂದಿನ ಚಕ್ರದ ಕಡೆಗೆ. ಕಲಿಯಲು ಹೊರಟವರ ಮೊದಲ ಪ್ರಶ್ನೆಯೂ ಅದೇ: ಎತ್ತುವುದು ಹೇಗೆ? ನಿಜ ಹೇಳಬೇಕೆಂದರೆ ಎತ್ತುವುದು ಕಷ್ಟದ ಕೆಲಸವೇನಲ್ಲ. ಒಳ್ಳೆಯ ಪಿಕಪ್ ಇರುವ ಬೈಕಿನಲ್ಲಿ ಕ್ಲಚ್ ಫಟ್ಟನೆ ಬಿಟ್ಟರೆ ಯಾರು ಕೂತಿದ್ದರೂ ಚಕ್ರ ಏಳುತ್ತದೆ. ಎದ್ದದ್ದನ್ನು ಬೇಕಾದ ಎತ್ತರದಲ್ಲಿ ಹಿಡಿದು, ಬೇಕೆನಿಸಿದ ಕ್ಷಣದಲ್ಲಿ ಮೆತ್ತಗೆ ಇಳಿಸುವುದೇ ವಿದ್ಯೆ. ಆ ವಿದ್ಯೆ ಇರುವುದು ಹಿಂದಿನ ಬ್ರೇಕಿನ ಮೇಲಿಟ್ಟ ಬಲಗಾಲಿನಲ್ಲಿ. ಹಾಗಾಗಿ ಈ ಬರಹದ ಹೆಚ್ಚಿನ ಮಾತು ಆ ಕಾಲಿನ ಸುತ್ತಲೇ ಸುತ್ತುತ್ತದೆ.

ಮೊದಲು ಜಾಗ

ಸಾರ್ವಜನಿಕ ರಸ್ತೆಯಲ್ಲಿ ವೀಲಿ ಬೇಡ. ಬಹುತೇಕ ದೇಶಗಳ ಕಾನೂನಿನ ಕಣ್ಣಲ್ಲಿ ಅದು ಅಪಾಯಕಾರಿ ಚಾಲನೆ, ಸಿಕ್ಕಿಬಿದ್ದರೆ ಶಿಕ್ಷೆ ಉಂಟು. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಕಾರಣ ಬೈಕಿನಲ್ಲೇ ಇದೆ. ಮುಂದಿನ ಚಕ್ರ ನೆಲ ಬಿಟ್ಟ ಕ್ಷಣದಿಂದ ಹ್ಯಾಂಡಲ್ ತಿರುಗಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಬೈಕನ್ನು ನಿಲ್ಲಿಸುವುದರಲ್ಲಿ ದೊಡ್ಡ ಪಾಲು ಮುಂದಿನ ಬ್ರೇಕಿನದು, ಅದೂ ಆಗ ಕೆಲಸಕ್ಕೆ ಬರುವುದಿಲ್ಲ. ಎದುರಿನ ರಸ್ತೆ ಟ್ಯಾಂಕು, ಹೆಡ್‌ಲೈಟುಗಳ ಮರೆಗೆ ಸರಿದಿರುತ್ತದೆ. ಎಷ್ಟೇ ಪಳಗಿದ ಸವಾರರಿಗೂ ಈ ಮೂರೂ ಇರುವುದಿಲ್ಲ. ಅಡ್ಡ ಬಂದ ಮಗುವಿನ ಪಾಲಿಗೆ ಅವರ ವರ್ಷಗಟ್ಟಲೆ ಅಭ್ಯಾಸ ಇದ್ದೂ ಇಲ್ಲದಂತೆ. ಬೀಳುವ ಅಪಾಯಕ್ಕೆ ನೀವು ಒಪ್ಪಿಕೊಂಡು ಹೊರಟಿರಬಹುದು, ರಸ್ತೆಯಲ್ಲಿರುವ ಉಳಿದವರನ್ನು ಯಾರೂ ಕೇಳಿಲ್ಲ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಚಕ್ರ ಎತ್ತುವುದಂತೂ ಕೂಡದು. ಹಿಂದಿನವರ ಭಾರಕ್ಕೆ ಬೈಕು ಬೇಗ ಮಗುಚುತ್ತದೆ, ಮಗುಚಿದಾಗ ಮೊದಲು ನೆಲಕ್ಕೆ ಬಡಿಯುವ ತಲೆ ಅವರದೇ.

ವೀಲಿಯ ದಾಖಲೆಗಳನ್ನು ಮಾಡಿದವರು ಎಲ್ಲಿ ಮಾಡಿದರು ಎಂಬುದನ್ನೂ ನೋಡಿ. ಜಪಾನಿನ ಯಾಸುಯುಕಿ ಕುಡೊ 1991ರಲ್ಲಿ ಹೋಂಡಾ ಟಿಎಲ್‌ಎಂ220ಆರ್ ಬೈಕಿನ ಹಿಂದಿನ ಚಕ್ರದ ಮೇಲೆಯೇ ಎಲ್ಲೂ ನಿಲ್ಲದೆ 331 ಕಿ.ಮೀ. ಸಾಗಿದರು, ಅದು ವಾಹನ ಪರೀಕ್ಷೆಗೆಂದೇ ಇರುವ ಟ್ರ್ಯಾಕು. ಐರ್ಲೆಂಡಿನ ಟೆಡ್ ಬ್ರೇಡಿ 2017ರಲ್ಲಿ ಗಂಟೆಗೆ 350 ಕಿ.ಮೀ. ವೇಗದಲ್ಲಿ ಚಕ್ರ ಎತ್ತಿದ್ದು ಇಂಗ್ಲೆಂಡಿನ ಎಲ್ವಿಂಗ್ಟನ್ ಏರ್‌ಫೀಲ್ಡಿನ ರನ್‌ವೇಯಲ್ಲಿ.

ನಿಮಗೆ ಅಷ್ಟು ದೊಡ್ಡ ಜಾಗ ಬೇಕಿಲ್ಲ. ಮಾಲೀಕರ ಒಪ್ಪಿಗೆ ಇರುವ, ಜನ ಮತ್ತು ದನಕರು ಓಡಾಡದ, ಇನ್ನೂರು ಮೀಟರಿನಷ್ಟು ಉದ್ದದ ಗಟ್ಟಿ ನೆಲ ಸಾಕು. ಅಗಲ ಮಾತ್ರ ಧಾರಾಳವಾಗಿರಲಿ, ಏಕೆಂದರೆ ಚಕ್ರ ಎದ್ದ ಬೈಕು ಒಂದು ಬದಿಗೆ ಎಳೆಯುವುದು ಮಾಮೂಲು. ಪಕ್ಕದಲ್ಲಿ ಕಂಬ, ಚರಂಡಿ, ಕಲ್ಲುಕಟ್ಟೆ ಇರಬಾರದು. ನೆಲ ಕೊಂಚ ಏರಾಗಿದ್ದರೆ ಇನ್ನೂ ಒಳ್ಳೆಯದು: ಮುಂಭಾಗ ಸುಲಭವಾಗಿ ಏಳುತ್ತದೆ, ವೇಗ ಕೈಮೀರುವುದಿಲ್ಲ. ಮರಳು, ಜಲ್ಲಿ ಇದ್ದರೆ ಗುಡಿಸಿ. ಒಬ್ಬರೇ ಹೋಗಬೇಡಿ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮತ್ತು ಫೋನು ಹಿಡಿದ ಒಬ್ಬರು ಪಕ್ಕದಲ್ಲಿ ಇರಲೇಬೇಕು.

ಚಕ್ರ ಏಳುವುದು ಹೇಗೆ, ಮಗುಚುವುದು ಏಕೆ

ಹಿಂದಿನ ಟೈರಿನ ತಳ್ಳು ಬೀಳುವುದು ನೆಲಮಟ್ಟದಲ್ಲಿ. ಬೈಕು ಮತ್ತು ಸವಾರರ ಒಟ್ಟು ಭಾರದ ಕೇಂದ್ರ ಇರುವುದು ಅದಕ್ಕಿಂತ ಅರ್ಧ ಮೀಟರಿಗೂ ಮೇಲೆ. ನಿಂತವರ ಕಾಲಡಿಯ ಚಾಪೆಯನ್ನು ಮುಂದಕ್ಕೆ ಎಳೆದರೆ ಅವರು ಹಿಂದಕ್ಕೆ ವಾಲುತ್ತಾರಲ್ಲ, ಇಲ್ಲಿ ಆಗುವುದೂ ಅದೇ. ತಳ್ಳು ಸಾಕಷ್ಟಿದ್ದರೆ ಮುಂದಿನ ಚಕ್ರದ ಮೇಲಿದ್ದ ಭಾರವೆಲ್ಲ ಹಿಂದಕ್ಕೆ ಸರಿದು ಚಕ್ರ ನೆಲ ಬಿಡುತ್ತದೆ.

ಚಕ್ರ ಮೇಲೇರಿದಂತೆ ಭಾರಕೇಂದ್ರವೂ ಹಿಂದೆ ಸರಿಯುತ್ತ, ಹಿಂದಿನ ಟೈರು ನೆಲ ಮುಟ್ಟುವ ಜಾಗದ ನೇರಕ್ಕೆ ಬರತೊಡಗುತ್ತದೆ. ಆದ್ದರಿಂದ ನೆಲದಿಂದ ಎಬ್ಬಿಸುವಾಗ ಬೇಕಾದಷ್ಟು ಬಲ ಎದ್ದಮೇಲೆ ಬೇಕಿಲ್ಲ, ಮೇಲೆ ಹೋದಷ್ಟೂ ಕಡಿಮೆ ಸಾಕು. ಥ್ರಾಟಲನ್ನು (ಆಕ್ಸಿಲರೇಟರನ್ನು) ಮೊದಲಿನಷ್ಟೇ ತಿರುಗಿಸಿ ಹಿಡಿದಿದ್ದರೆ ಮುಂಭಾಗ ಏರುವ ರಭಸ ಕ್ಷಣಕ್ಷಣಕ್ಕೂ ಹೆಚ್ಚುತ್ತದೆ. ಹೊಸಬರು ಮಗುಚಿ ಬೀಳುವುದಕ್ಕೆ ಮುಖ್ಯ ಕಾರಣ ಇದು. ಎತ್ತುವಾಗ ಸರಿಯಾಗಿದ್ದ ಥ್ರಾಟಲ್ ಅರ್ಧ ಸೆಕೆಂಡಿನ ನಂತರ ವಿಪರೀತ ಜಾಸ್ತಿಯಾಗಿರುತ್ತದೆ.

ಭಾರಕೇಂದ್ರ ಟೈರಿನ ನೇರ ನೆತ್ತಿಗೆ ಬಂದು ನಿಂತ ಸ್ಥಿತಿಗೆ ಬ್ಯಾಲೆನ್ಸ್ ಪಾಯಿಂಟ್ ಎನ್ನುತ್ತಾರೆ. ಬೈಕು ಯಾವುದು, ನೀವು ಎಷ್ಟು ಹಿಂದೆ ಕೂತಿದ್ದೀರಿ ಎಂಬುದರ ಮೇಲೆ ಅದು ಬದಲಾಗುತ್ತದೆ. ಸುಮಾರು 45ರಿಂದ 60 ಡಿಗ್ರಿಯ ಆಸುಪಾಸು ಎಂದಿಟ್ಟುಕೊಳ್ಳಿ. ಅಲ್ಲಿಗೆ ಮುಟ್ಟಿದರೆ ವೇಗ ಹೆಚ್ಚಿಸದೆಯೇ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ಹಿಡಿದಿಡಲು ವೇಗ ಏರಿಸುತ್ತಲೇ ಇರಬೇಕಾಗುತ್ತದೆ, ಕೊನೆಗೆ ಜಾಗವಾದರೂ ಮುಗಿಯುತ್ತದೆ, ಎಂಜಿನ್ನಿನ ಉಸಿರಾದರೂ ಮುಗಿಯುತ್ತದೆ. ತಗ್ಗಿನಲ್ಲಿ, ಜೋರಾಗಿ ಹೋಗುವ ವೀಲಿಯೇ ಸುರಕ್ಷಿತ ಎಂದು ಹಲವರು ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲ ಗೇರಿನಲ್ಲಿ ನಿಧಾನವಾಗಿ ಮಾಡುವ ವೀಲಿಯಲ್ಲಿ ಬಿದ್ದರೆ ಕಾಲ ಮೇಲೆ ಇಳಿಯುವ ಅವಕಾಶವಾದರೂ ಇರುತ್ತದೆ.

ಬ್ಯಾಲೆನ್ಸ್ ಪಾಯಿಂಟ್ ದಾಟಿದರೆ ಕ್ಲಚ್ ಹಿಡಿದು ಉಪಯೋಗವಿಲ್ಲ. ಕ್ಲಚ್ ಹಿಡಿದರೆ ತಳ್ಳು ನಿಲ್ಲುತ್ತದೆ ಅಷ್ಟೇ; ಭಾರ ಆಗಲೇ ಆಚೆ ದಾಟಿರುವುದರಿಂದ ಬೈಕು ಹಿಂದಕ್ಕೇ ಬೀಳುತ್ತದೆ. ಥ್ರಾಟಲ್ ಬಿಟ್ಟಾಗ ಎಂಜಿನ್ ಹಿಡಿದೆಳೆಯುವುದು ಒಂದಿಷ್ಟು ನೆರವಾಗಬಹುದು, ಅದನ್ನು ನಂಬಿ ಕೂರುವಂತಿಲ್ಲ. ಖಚಿತವಾಗಿ ಮುಂಭಾಗವನ್ನು ಕೆಳಕ್ಕೆ ತರುವುದು ಹಿಂದಿನ ಬ್ರೇಕ್ ಒಂದೇ. ಬ್ರೇಕ್ ತಾಗಿದೊಡನೆ ಟೈರಿನ ತಳ್ಳು ಉಲ್ಟಾ ಆಗಿ, ಬೈಕು ಮುಂದಕ್ಕೆ ಮುಗ್ಗರಿಸುತ್ತದೆ.

ಬೈಕಿನ ಸಿದ್ಧತೆ

ಹಗುರವಾದ, ಕಡಿಮೆ ಆರ್‌ಪಿಎಂನಲ್ಲೇ (ಎಂಜಿನ್ ತಿರುಗುವ ವೇಗ) ಚೆನ್ನಾಗಿ ಎಳೆಯುವ, ನೆಟ್ಟಗೆ ಕೂರುವಂಥ ಬೈಕು ಕಲಿಯಲು ಒಳ್ಳೆಯದು. ಡರ್ಟ್ ಬೈಕು ಎಲ್ಲಕ್ಕಿಂತ ಉತ್ತಮ. ಸಣ್ಣ ಎಂಜಿನ್ನಾದರೆ ಹಿಂದಿನ ಸ್ಪ್ರಾಕೆಟ್ಟಿನಲ್ಲಿ (ಚೈನು ಕೂರುವ ಹಲ್ಲುಚಕ್ರ) ಮೂರ್ನಾಲ್ಕು ಹಲ್ಲು ಹೆಚ್ಚಿಗೆ ಇರುವುದನ್ನು ಹಾಕಿಸಿದರೆ ಎಳೆತ ಹೆಚ್ಚುತ್ತದೆ. ಬಲಿಷ್ಠ ಸೂಪರ್‌ಬೈಕಿನಲ್ಲಿ ಕಲಿಕೆ ಶುರುಮಾಡುವುದು ಬೇಡ, ಅದರಲ್ಲಿ ಬರಿಯ ಥ್ರಾಟಲ್‌ಗೇ ಚಕ್ರ ಏಳುವುದರಿಂದ ಸಲೀಸು ಅನಿಸುತ್ತದೆ, ಆದರೆ ಏಳುವ ಹೊತ್ತಿಗೆ ವೇಗ ಬಹಳ ಆಗಿರುತ್ತದೆ. ವೀಲಿ ಕಂಟ್ರೋಲ್, ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಆಫ್ ಮಾಡಿ; ಇಲ್ಲವಾದರೆ ಅವು ನಡುವೆ ಎಂಜಿನ್ನಿನ ಬಲ ಕತ್ತರಿಸಿ ಚಕ್ರವನ್ನು ದಬಕ್ಕನೆ ಕೆಡವುತ್ತವೆ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ವಿಷಯದಲ್ಲಿ ಬೈಕಿನ ಜೊತೆ ಬಂದ ಕೈಪಿಡಿ ಓದಿ. ಮುಂದಿನ ಚಕ್ರ ನಿಧಾನವಾಗಿ, ಹಿಂದಿನದು ಜೋರಾಗಿ ತಿರುಗುವುದನ್ನು ಕಂಡು ಕೆಲವು ಬೈಕುಗಳ ಎಬಿಎಸ್ ಗೊಂದಲಕ್ಕೆ ಬೀಳುತ್ತದೆ, ನಿಮಗೆ ಬ್ರೇಕ್ ಬೇಕಾದ ಹೊತ್ತಿಗೆ ಅದು ಸಡಿಲಿಸಿಬಿಡಬಾರದು.

ಎಂಜಿನ್ ಆಯಿಲ್ ಮೇಲಿನ ಗುರುತಿನವರೆಗೆ ಇರಲಿ. ಹೆಚ್ಚಿನ ಬೈಕುಗಳಲ್ಲಿ ಆಯಿಲ್ ನಿಲ್ಲುವುದು ಎಂಜಿನ್ನಿನ ತಳದಲ್ಲಿ. ಮುಂಭಾಗ ಎದ್ದಾಗ ಅದು ಹಿಂದಕ್ಕೆ ಹರಿದು, ಪಂಪು ಆಯಿಲ್ ಹೀರುವ ಬಾಯಿ ಬರಿದಾಗಬಹುದು. ಸಣ್ಣ ಪುಟ್ಟ ವೀಲಿಗೆ ಏನೂ ಆಗುವುದಿಲ್ಲ, ಉದ್ದನೆಯವು ಎಂಜಿನ್ ತಿನ್ನುತ್ತವೆ. ಆಯಿಲ್ ದೀಪ ಮಿನುಗಿದರೆ ಅಲ್ಲಿಗೆ ನಿಲ್ಲಿಸಿ. ಚೈನು ಕೈಪಿಡಿಯಲ್ಲಿ ಹೇಳಿದಷ್ಟೇ ಸಡಿಲವಿರಲಿ. ಸ್ಟಂಟ್ ಸವಾರರು ಹಿಂದಿನ ಟೈರಿನ ಗಾಳಿ ಬಹಳ ಇಳಿಸುತ್ತಾರೆ, ಟೈರು ಅಗಲವಾಗಿ ಕೂತು ಬೈಕು ಅತ್ತಿತ್ತ ಓಲಾಡುವುದು ತಗ್ಗಲೆಂದು. ಕಲಿಯುವವರಿಗೆ ಅದರ ಅಗತ್ಯ ಇನ್ನೂ ಇಲ್ಲ.

ಇವೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ್ದು ಬ್ರೇಕ್ ಪೆಡಲಿಗೆ. ಅದು ಎಷ್ಟೋ ಬೈಕುಗಳಲ್ಲಿ ಆರಾಮವಾಗಿ ಕೂತು ಓಡಿಸುವವರಿಗೆ ಹೊಂದುವಂತೆ ಇರುತ್ತದೆ. ಬೈಕನ್ನು ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಸೀಟಿನಲ್ಲಿ ಹಿಂದೆ ಸರಿದು ಕೂತು, ಬೂಟು ಹಾಕಿದ ಕಾಲನ್ನು ಫುಟ್‌ರೆಸ್ಟ್ ಮೇಲಿಡಿ. ಪಾದದ ನಡುಭಾಗ ಫುಟ್‌ರೆಸ್ಟ್ ಮೇಲೆ, ಬೆರಳುಗಳ ಬುಡ ಪೆಡಲಿನ ಮೇಲೆ ಸಹಜವಾಗಿ ಕೂರಬೇಕು, ಕಾಲು ಎತ್ತದೆ ಬರೀ ಪಾದ ಬಾಗಿಸಿದರೆ ಬ್ರೇಕ್ ಹಿಡಿಯಬೇಕು. ಹಾಗಾಗುವವರೆಗೆ ಪೆಡಲಿನ ಎತ್ತರ ಸರಿಮಾಡಿ. ಬೈಕಿನ ಮುಂದಿನ ಚಕ್ರದ ಕೆಳಗೆ ಗಟ್ಟಿಯಾದ ಕಟ್ಟೆ ಕೊಟ್ಟು, ಜೊತೆಗಿರುವವರಿಂದ ಬೈಕು ಹಿಡಿಸಿಕೊಂಡು, ಮುಂಭಾಗ ಎದ್ದ ಭಂಗಿಯಲ್ಲೂ ಒಮ್ಮೆ ನೋಡಿ. ಆಗ ಕಾಲು ಬೀಳುವ ಕೋನವೇ ಬೇರೆ ಎಂದು ಗೊತ್ತಾಗುತ್ತದೆ.

ಸಾಧ್ಯವಾದರೆ ಮಣಿಕಟ್ಟಿಗೆ ಕಟ್ಟಿಕೊಳ್ಳುವ ದಾರವಿರುವ ಕಿಲ್ ಸ್ವಿಚ್ ಹಾಕಿಸಿ. ನೀವು ಬೈಕಿನಿಂದ ಬೇರೆಯಾದ ಕೂಡಲೇ ದಾರ ಕಿತ್ತು ಎಂಜಿನ್ ಆಫ್ ಆಗುತ್ತದೆ.

ಮೈಮೇಲೆ ಮುಖ ಮುಚ್ಚುವ ಹೆಲ್ಮೆಟ್, ಬೆನ್ನಿಗೆ ರಕ್ಷಾಕವಚ, ಮೊಣಕೈ ಮತ್ತು ಮಂಡಿಯ ಗಾರ್ಡು, ಗ್ಲೌಸು, ಹರಡು ಮುಚ್ಚುವ ಬೂಟು ಇರಲಿ. ವೀಲಿಯಲ್ಲಿ ಬೀಳುವುದು ಹೆಚ್ಚಾಗಿ ಕುಂಡಿಯ ಮೇಲೆ, ಆದ್ದರಿಂದ ಬೆನ್ನುಮೂಳೆಯ ತುದಿಗೆ ಮೆತ್ತೆ ಇರುವ ಒಳಚಡ್ಡಿ ಸಿಕ್ಕರೆ ತಪ್ಪದೆ ಹಾಕಿಕೊಳ್ಳಿ.

ಒಂದನೇ ಹಂತ: ಬ್ರೇಕ್ ಮಾತ್ರ

ಸೈಕಲ್ಲಿನಲ್ಲಿ ಶುರುಮಾಡಬಹುದಾದರೆ ಅಲ್ಲಿಂದಲೇ ಶುರುಮಾಡಿ. ಮುಂಭಾಗ ಎತ್ತಿ, ಹಿಂದಿನ ಬ್ರೇಕ್ ಮುಟ್ಟಿ, ಅದು ಕೆಳಗಿಳಿಯುವುದನ್ನು ಅನುಭವಿಸಿ. ಕಾಲಿನ ಕೆಲಸ ಅಲ್ಲಿ ಕೈಯದ್ದಾಗುತ್ತದೆ ನಿಜ, ಆದರೆ ಬ್ರೇಕ್ ಹಿಡಿದರೆ ಚಕ್ರ ಬಂದೇ ಬರುತ್ತದೆ ಎಂಬ ನಂಬಿಕೆ ಮೈಗೆ ಹತ್ತುತ್ತದೆ.

ಬೈಕಿನಲ್ಲಿ, ಎರಡೂ ಚಕ್ರ ನೆಲದ ಮೇಲಿರುವಾಗಲೇ, ಮೊದಲ ಗೇರಿನಲ್ಲಿ ಗಂಟೆಗೆ ಹದಿನೈದು ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತ, ಥ್ರಾಟಲ್ ಸ್ವಲ್ಪ ಹಿಡಿದಿಟ್ಟುಕೊಂಡೇ ಹಿಂದಿನ ಬ್ರೇಕನ್ನು ಹಗುರವಾಗಿ ಒತ್ತಿ, ಬಿಡಿ. ಎಂಜಿನ್ ಆಫ್ ಆಗದಂತೆ, ಚಕ್ರ ಲಾಕ್ ಆಗದಂತೆ, ಎಷ್ಟು ಒತ್ತಿದರೆ ಎಷ್ಟು ಹಿಡಿಯುತ್ತದೆ ಎಂದು ಕಾಲಿಗೆ ಗೊತ್ತಾಗಬೇಕು. ಬೇಸರದ ಕೆಲಸ ಇದು. ಆದರೂ ಮೊದಲ ದಿನವಿಡೀ ಇದನ್ನೇ ಮಾಡಿ ಎನ್ನುತ್ತೇನೆ.

ಎರಡನೇ ಹಂತ: ಒಂದು ಗೇಣು ಎತ್ತರ

ಅದೇ ವೇಗ, ಅದೇ ಗೇರು. ಕೂತೇ ಕಲಿಯಿರಿ, ಸೀಟಿನಲ್ಲಿ ಕೊಂಚ ಹಿಂದೆ ಸರಿದು. ಮಂಡಿಗಳಿಂದ ಟ್ಯಾಂಕನ್ನು ಅಪ್ಪಿಹಿಡಿಯಿರಿ, ತೋಳು ಸಡಿಲವಿರಲಿ. ಬಲಗೈಯ ಮಣಿಕಟ್ಟು ಹ್ಯಾಂಡಲಿಗಿಂತ ತುಸುವೂ ಕೆಳಗಿರಬಾರದು, ಮೇಲಕ್ಕೇ ಇರಬೇಕು. ಇದಕ್ಕೆ ಕಾರಣವಿದೆ. ಚಕ್ರ ಎದ್ದಾಗ ಮೈ ಹಿಂದಕ್ಕೆ ಹೋಗುತ್ತದೆ, ಬೀಳಬಾರದೆಂದು ಕೈ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತದೆ, ಮಣಿಕಟ್ಟು ಕೆಳಗೆ ಜಗ್ಗುತ್ತದೆ, ಜಗ್ಗಿದಷ್ಟೂ ಥ್ರಾಟಲ್ ತೆರೆಯುತ್ತದೆ, ಚಕ್ರ ಇನ್ನಷ್ಟು ಮೇಲೇಳುತ್ತದೆ. ಒಂದಕ್ಕೊಂದು ಕೊಂಡಿಯಾಗಿ ಒಂದೇ ಸೆಕೆಂಡಿನಲ್ಲಿ ಬೈಕು ನೆತ್ತಿಗೆ ಬಂದಿರುತ್ತದೆ. ಮೈಯನ್ನು ಹಿಡಿದಿಡುವ ಕೆಲಸ ಮಂಡಿಯದಾದರೆ ಈ ಕೊಂಡಿ ಶುರುವಾಗುವುದೇ ಇಲ್ಲ.

ಥ್ರಾಟಲನ್ನು ಒಂದೇ ಹದದಲ್ಲಿ ಹಿಡಿದು, ಎಡಗೈಯ ಒಂದು ಅಥವಾ ಎರಡು ಬೆರಳಿನಿಂದ ಕ್ಲಚ್ಚನ್ನು ಜಾರುವಷ್ಟು ಮಾತ್ರ ಎಳೆಯಿರಿ. ಎಂಜಿನ್ನಿನ ಸದ್ದು ತುಸು ಏರುತ್ತದೆ. ಏರಿದ ಕೂಡಲೇ ಕ್ಲಚ್ ಬಿಡಿ, ಚುರುಕಾಗಿ, ಆದರೆ ಕೈಯಿಂದ ಕಿತ್ತೆಸೆದ ಹಾಗಲ್ಲ. ಬಿಡುವಾಗ ಥ್ರಾಟಲ್ ಹೆಚ್ಚಿಸಬೇಡಿ. ಹ್ಯಾಂಡಲನ್ನು ಎಳೆಯಲೂಬೇಡಿ, ಎತ್ತುವುದು ಎಂಜಿನ್ನಿನ ಕೆಲಸ. ಮೊದಲು ಫೋರ್ಕು (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಉದ್ದವಾಗಿ ಮುಂಭಾಗ ಹಗುರಾದಂತೆ ಅನಿಸುತ್ತದೆ, ಇನ್ನೂ ಸ್ವಲ್ಪ ಆರ್‌ಪಿಎಂ ಇದ್ದರೆ ಚಕ್ರ ನೆಲ ಬಿಡುತ್ತದೆ.

ಬಿಟ್ಟ ಕ್ಷಣವೇ ಹಿಂದಿನ ಬ್ರೇಕ್ ಮುಟ್ಟಿ. ಎತ್ತರ ಸಾಲದಿದ್ದರೂ ಮುಟ್ಟಿ, ಬೇಕಿಲ್ಲದಿದ್ದರೂ ಮುಟ್ಟಿ. ಪ್ರತಿಯೊಂದು ಎತ್ತುವಿಕೆಯೂ ಬ್ರೇಕಿನಿಂದಲೇ ಮುಗಿಯಬೇಕು, ಥ್ರಾಟಲ್ ಬಿಟ್ಟು ಇಳಿಸಿದ್ದನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಕಲಿಯುವವರನ್ನು ಬದಿಯಲ್ಲಿ ನಿಂತು ನೋಡಿದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಚಕ್ರ ಎದ್ದೊಡನೆ ಬಲಗಾಲಿನ ಬೂಟು ಪೆಡಲ್ ಬಿಟ್ಟು ಎರಡು ಬೆರಳಿನಷ್ಟು ಮೇಲೆ ಗಾಳಿಯಲ್ಲಿ ನಿಂತಿರುತ್ತದೆ. ಇಳಿದು ಬಂದಮೇಲೆ ಕೇಳಿದರೆ "ಕಾಲು ಬ್ರೇಕ್ ಮೇಲೇ ಇತ್ತು" ಎನ್ನುತ್ತಾರೆ, ಸುಳ್ಳು ಹೇಳುತ್ತಿರುವುದಿಲ್ಲ, ಅವರಿಗೆ ಹಾಗೇ ಅನಿಸಿರುತ್ತದೆ. ಹೆದರಿದ ಮೈ ಕಾಲನ್ನು ಒಳಕ್ಕೆ ಎಳೆದುಕೊಂಡಿರುತ್ತದೆ. ಆದ್ದರಿಂದ ಜೊತೆಗಿರುವವರು ಬಲಗಡೆಯಿಂದ ವಿಡಿಯೊ ತೆಗೆಯಲಿ, ಚಕ್ರವನ್ನಲ್ಲ, ಬೂಟನ್ನು. ಅದೇ ವಿಡಿಯೊದಲ್ಲಿ ಇನ್ನೊಂದೂ ತಿಳಿಯುತ್ತದೆ: ಆಕಾಶಕ್ಕೆ ಮುಖಮಾಡಿದಂತೆ ಅನಿಸಿದ ವೀಲಿಯಲ್ಲಿ ಚಕ್ರ ಎದ್ದದ್ದು ಒಂದು ಗೇಣು ಮಾತ್ರ. ಊರಿಗೆ ತೋರಿಸಲು ತೆಗೆಯುವ ವಿಡಿಯೊ ಕಲಿಯುವವರಿಗೆ ಕೆಡುಕು, ಕ್ಯಾಮೆರಾ ಕಂಡರೆ ಎಲ್ಲರೂ ತಮ್ಮ ಅಳತೆಗಿಂತ ಒಂದು ಮೊಳ ಹೆಚ್ಚು ಎತ್ತುತ್ತಾರೆ.

ಮೂರನೇ ಹಂತ: ಎತ್ತರ ಏರಿಸುವುದು

ಕೆಳಗಿನ ಎತ್ತರದಲ್ಲಿ ಕಾಲು ಯೋಚಿಸದೆ ಕೆಲಸ ಮಾಡತೊಡಗಿದ ಮೇಲೆ ಮಾತ್ರ ಕ್ಲಚ್ ಬಿಡುವ ಮುಂಚಿನ ಆರ್‌ಪಿಎಂ ತುಸು ಹೆಚ್ಚಿಸಿ. ಒಂದೊಂದೇ ಗೇಣು. ಯಾವ ಎತ್ತರದಲ್ಲಿ ಎದೆ ಝಲ್ಲೆನ್ನುತ್ತದೋ ಅಲ್ಲಿಂದ ಒಂದು ಗೇಣು ಇಳಿದು ಅಲ್ಲೇ ಉಳಿಯಿರಿ. ಭಯವನ್ನು ಮೆಟ್ಟಿನಿಲ್ಲಬೇಕು ಎಂದು ಹೇಳುವವರು ಸಿಗುತ್ತಾರೆ. ಈ ಕೆಲಸದಲ್ಲಿ ಭಯ ಸರಿಯಾದ ಸುದ್ದಿಯನ್ನೇ ಕೊಡುತ್ತಿರುತ್ತದೆ, ಕಾಲು ಇನ್ನೂ ತಯಾರಾಗಿಲ್ಲ ಎಂದು.

ಬೈಕು ಎಡಕ್ಕೆ ವಾಲಿದರೆ ಬಲ ಮಂಡಿಯನ್ನು ಹೊರಚಾಚಿ ಬಲ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ, ಬಲಕ್ಕೆ ವಾಲಿದರೆ ಎಡಕ್ಕೆ. ಜಾಸ್ತಿ ವಾಲಿದರೆ ಸರಿಪಡಿಸಲು ಹೋಗದೆ ಇಳಿಸಿಬಿಡಿ. ಕಣ್ಣು ಹೆಡ್‌ಲೈಟಿನ ಪಕ್ಕದಿಂದ ದೂರಕ್ಕೆ ನೋಡುತ್ತಿರಲಿ.

ಬ್ಯಾಲೆನ್ಸ್ ಪಾಯಿಂಟ್ ಹತ್ತಿರ ಬಂದಾಗ ಅದು ತಾನಾಗಿ ತಿಳಿಯುತ್ತದೆ. ಅದುವರೆಗೆ ಏರುತ್ತಿದ್ದ ಎಂಜಿನ್ನಿನ ಸದ್ದು ಒಂದೇ ಶ್ರುತಿಗೆ ನಿಲ್ಲುತ್ತದೆ. ತೋಳಿನ ಮೇಲಿನ ಎಳೆತ ಇಲ್ಲವಾಗುತ್ತದೆ. ಮುಂಭಾಗ ತೂಕವೇ ಇಲ್ಲದಂತೆ ತೇಲುತ್ತದೆ. ಅಲ್ಲಿಂದ ಮುಂದೆ ಕೆಲಸ ಎರಡೇ: ಮುಂದಕ್ಕೆ ಬೀಳುತ್ತಿದೆ ಅನಿಸಿದರೆ ಕೂದಲೆಳೆಯಷ್ಟು ಥ್ರಾಟಲ್, ಹಿಂದಕ್ಕೆ ಹೋಗುತ್ತಿದೆ ಅನಿಸಿದರೆ ಅಷ್ಟೇ ಹಗುರ ಬ್ರೇಕು. ಒಳ್ಳೆಯ ಸವಾರರ ಬೈಕನ್ನು ಹತ್ತಿರದಿಂದ ಗಮನಿಸಿದರೆ ಬ್ರೇಕ್ ಲೈಟು ಮಿಣಮಿಣ ಹೊತ್ತಿ ಆರುತ್ತಿರುತ್ತದೆ.

ಎರಡನೇ ಗೇರು, ನಿಂತು ಮಾಡುವುದು, ಸುತ್ತು ಹೊಡೆಯುವುದು ಎಲ್ಲ ಇದಾದ ಮೇಲಿನ ಮಾತು.

ಇಳಿಸುವುದು ಮತ್ತು ಬೀಳುವುದು

ಬ್ರೇಕಿನಿಂದ ಇಳಿಸಿಕೊಂಡು ಬಂದು, ಚಕ್ರ ನೆಲ ಮುಟ್ಟುವ ತುಸು ಮುಂಚೆ ಚೂರು ಥ್ರಾಟಲ್ ಕೊಟ್ಟರೆ ಮೆತ್ತಗೆ ಕೂರುತ್ತದೆ. ಹ್ಯಾಂಡಲ್ ನೇರವಿರಲೇಬೇಕು. ಓರೆಯಾಗಿ ಇಳಿದರೆ ಹ್ಯಾಂಡಲ್ ಎಡಬಲಕ್ಕೆ ಪಟಪಟ ಬಡಿದು ಬೈಕನ್ನು ಕೆಡವಬಹುದು. ಬಲಗೈ ಬೆರಳುಗಳು ಮುಂದಿನ ಬ್ರೇಕಿನ ಹತ್ತಿರವೂ ಸುಳಿಯಬಾರದು: ಲಾಕ್ ಆದ ಚಕ್ರದ ಮೇಲೆ ಇಳಿದರೆ ಬೀಳುವುದು ಖಂಡಿತ.

ಬ್ರೇಕ್ ಹಿಡಿದೂ ಬೈಕು ಹಿಂದಕ್ಕೆ ಹೋಯಿತೆಂದರೆ ಹ್ಯಾಂಡಲ್ ಬಿಟ್ಟುಬಿಡಿ. ಹಿಂದಕ್ಕೆ ಜಾರಿ ಕಾಲ ಮೇಲೆ ಇಳಿದು, ಓಡುತ್ತ ಬೈಕಿನಿಂದ ದೂರ ಸರಿಯಿರಿ. ಹ್ಯಾಂಡಲಿಗೆ ಜೋತುಬಿದ್ದವರ ಮೇಲೆಯೇ ಬೈಕು ಬಂದು ಬೀಳುತ್ತದೆ. ಮೊದಲ ಗೇರಿನ ನಿಧಾನದಲ್ಲಿ ಮಾತ್ರ ಇದು ಸಾಧ್ಯ. ಎಂಜಿನ್ ಆಫ್ ಇರುವಾಗ, ನಿಂತ ಬೈಕಿನ ಹಿಂದಿನಿಂದ ಇಳಿಯುವುದನ್ನು ಒಂದೆರಡು ಸಲ ಮಾಡಿ ನೋಡಿಕೊಂಡಿರಿ.

ಮುಂದೋಳು ಬಿಗಿಯತೊಡಗಿದರೆ, ಕ್ಲಚ್ ಸುಟ್ಟ ವಾಸನೆ ಬಂದರೆ, ಆ ದಿನದ ಮಟ್ಟಿಗೆ ಮುಗಿಸಿ. "ಇದೊಂದು ಕೊನೆಯದು" ಎಂದು ದಣಿದ ಕೈಯಲ್ಲಿ ಮಾಡುವ ವೀಲಿಯಲ್ಲಿ ಕಾಲು ತಡವಾಗುತ್ತದೆ.

ಮನೆಗೆ ಹೊರಡುವ ಮುಂಚೆ

ಬೈಕನ್ನು ರಸ್ತೆಗಿಳಿಸುವ ಮೊದಲು ಒಂದು ಸುತ್ತು ನೋಡಿ. ಫೋರ್ಕಿನ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಆಯಿಲ್ ಸೀಲ್ ಹೋಗಿದೆ. ಕಡ್ಡಿ ಚಕ್ರವಾದರೆ ಒಂದೊಂದೇ ಕಡ್ಡಿಯನ್ನು ಮುಟ್ಟಿ ಸಡಿಲವಾಗಿದೆಯೇ ಪರೀಕ್ಷಿಸಿ, ಅಲಾಯ್ ಆದರೆ ಬಿರುಕು ಹುಡುಕಿ. ಚೈನಿನ ಸಡಿಲ ಮತ್ತೆ ಅಳೆಯಿರಿ, ಕ್ಲಚ್ ಲಿವರಿನ ಆಟ ಹೊಂದಿಸಿ. ಆಫ್ ಮಾಡಿದ್ದ ಟ್ರ್ಯಾಕ್ಷನ್ ಕಂಟ್ರೋಲ್, ಎಬಿಎಸ್‌ಗಳನ್ನು ಆನ್ ಮಾಡಿ. ಕೊನೆಗೆ ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ತಳ್ಳಿ. ಹ್ಯಾಂಡಲಿನ ಬುಡದಲ್ಲಿ ಕಟ್ ಕಟ್ ಎಂದರೆ ಕೋನ್‌ಸೆಟ್ ಬೇರಿಂಗು ಏಟು ತಿಂದಿದೆ, ಅದನ್ನು ಬಿಗಿಮಾಡಿಸುವ ಅಥವಾ ಬದಲಿಸುವವರೆಗೆ ಆ ಬೈಕಿನಲ್ಲಿ ಇನ್ನೊಂದು ವೀಲಿ ಬೇಡ.